ಶಾಲೆಯ ಹಿಂದೆ ಕೈತೋಟ ಮಾಡುವ ಯೋಚನೆ ಇದೆ, ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು?

ಹಾಸನ_ಹಿತ್ತಲು:
ಎಲ್ಲರಿಗೂ ನಮಸ್ಕಾರ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ನಾನೂ ಒಬ್ಬ ಸದಸ್ಯ. ಒಂದರಿಂದ ಏಳನೇ ತರಗತಿವರೆಗೆ ನೂರರ ಹತ್ತಿರ ಮಕ್ಕಳಿದ್ದಾರೆ. ಅಡುಗೆ ಕೋಣೆಯ ಹಿಂದೆ ಮೂರು ಗುಂಟೆಯಷ್ಟು ಜಾಗ ಸುಮ್ನೆ ಬಿದ್ದಿದೆ, ಪಾರ್ಥೇನಿಯಂ ಬಿಟ್ಟರೆ ಅಲ್ಲಿ ಏನೂ ಇಲ್ಲ. ಹೋದ ಮೀಟಿಂಗಿನಲ್ಲಿ ಕೈತೋಟದ ಮಾತು ಬಂತು. ಎಲ್ಲರೂ ಹೂಂ ಅಂದರು. ಹೆಡ್‌ಮೇಷ್ಟ್ರು ಮಾತ್ರ ನಕ್ಕುಬಿಟ್ಟು, "ಜೂನ್‌ನಲ್ಲಿ ಗಿಡ ನೆಡಲು ಊರೆಲ್ಲಾ ಬರುತ್ತದೆ, ಏಪ್ರಿಲ್‌ನಲ್ಲಿ ಒಬ್ಬರೂ ಕಾಣುವುದಿಲ್ಲ" ಅಂದರು. ಅವರ ಮಾತು ತಪ್ಪೇನಲ್ಲ.

ನನಗೆ ಬೇಕಾಗಿರುವುದು ಮಾಡಿ ನೋಡಿದವರ ಮಾತು. ಏನು ಹಾಕಬೇಕು, ನೀರಿಗೆ ಏನು ಮಾಡುವುದು, ಬೇಲಿಗೆ ದುಡ್ಡು ಎಲ್ಲಿಂದ, ಬಿಸಿಯೂಟದ ತರಕಾರಿ ಖರ್ಚು ಇದರಿಂದ ನಿಜವಾಗಿಯೂ ಕಡಿಮೆ ಆಗುತ್ತದಾ? ಪರಿಸರ ದಿನದ ಫೋಟೊ ಬೇಡ, ಪ್ಲೀಸ್.

ಬಯಲುಸೀಮೆ_ಮೇಷ್ಟ್ರು:
ಖರ್ಚು ಉಳಿಸುವ ಆಸೆ ಮೊದಲು ತಲೆಯಿಂದ ತೆಗೆಯಿರಿ ಸರ್. ಲೆಕ್ಕ ನೋಡಿ. ಬಿಸಿಯೂಟದ ನಿಯಮದಲ್ಲಿ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟರವರಿಗೆ 75 ಗ್ರಾಂ. ನಿಮ್ಮಲ್ಲಿ 70 ಮಕ್ಕಳು ಚಿಕ್ಕವರು, 30 ದೊಡ್ಡವರು ಅಂತಿಟ್ಟುಕೊಂಡರೆ ದಿನಕ್ಕೆ ಹತ್ತಿರ ಹತ್ತಿರ 6 ಕೆಜಿ. 220 ದಿನ ಶಾಲೆ ನಡೆದರೆ ಹನ್ನೆರಡು ಕ್ವಿಂಟಲ್ ದಾಟುತ್ತದೆ. ಮೂರು ಗುಂಟೆಯಲ್ಲಿ ಅಷ್ಟು ತೂಕ ತೆಗೆಯುವುದು ಪಳಗಿದ ರೈತನಿಗೆ ಅಸಾಧ್ಯವೇನಲ್ಲ. ಆದರೆ ಟೊಮೆಟೊ ಬಂದರೆ ಒಂದೇ ತಿಂಗಳು ಬುಟ್ಟಿಗಟ್ಟಲೆ ಬರುತ್ತದೆ, ಆಮೇಲೆ ಗಿಡ ಕಿತ್ತು ಹಾಕುವುದೇ. ಶಾಲೆಗೆ ಬೇಕಾಗಿರುವುದು ದಿನಾ ಆರು ಕೆಜಿ, ಅದೂ ಶನಿವಾರ ಅರ್ಧ ದಿನ, ಭಾನುವಾರ ಇಲ್ಲ, ದಸರಾಕ್ಕೆ ರಜೆ. ಗಿಡಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ ನೋಡಿ.

ಹಾಗಾದರೆ ಏಕೆ ಮಾಡಬೇಕು? ಸಾರಿನ ಗುಣಕ್ಕೆ. ತರಕಾರಿಯಂಥ ಸಣ್ಣ ಖರ್ಚಿಗೆ ಸಾದಿಲ್ವಾರು ಅಂತ ಮಗುವಿಗೆ ಸಿಗುವುದು ಕೆಲವೇ ರೂಪಾಯಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಾಗ ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಹುಣಸೆಹಣ್ಣಿನಲ್ಲೇ ದಿನ ತಳ್ಳಿದರು. ಅಂಥ ಹೊತ್ತಿನಲ್ಲಿ ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು, ಒಂದು ಕರಿಬೇವಿನ ಗಿಡ, ಒಂದು ನುಗ್ಗೆ ಇದ್ದರೆ ಬೇಳೆ ನೀರಿನ ಜಾಗಕ್ಕೆ ಸೊಪ್ಪಿನ ಸಾರು ಬರುತ್ತದೆ. ವಾರಕ್ಕೆ ಎರಡು ದಿನ ನಮ್ಮ ಸೊಪ್ಪು ಅನ್ನುವಷ್ಟಕ್ಕೆ ನಿಲ್ಲಿಸಿ. ಮೂರು ಗುಂಟೆಯನ್ನೂ ಮೊದಲ ವರ್ಷವೇ ಅಗೆಯಬೇಡಿ, ಒಂದು ಗುಂಟೆ ಸಾಕು.

ಓದಿನ ಲಾಭ ಬೇರೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 40 ಗುಂಟೆಗೆ ಎಕರೆ ಅಂತ ಬೋರ್ಡಿನಲ್ಲಿ ಬರೆದರೆ ಪರೀಕ್ಷೆವರೆಗೆ ನೆನಪಿರುತ್ತದೆ. ಹಗ್ಗ ಕೊಟ್ಟು ಅಳೆಸಿ ನೋಡಿ. ಹತ್ತು ಅವರೆ ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವು ಅಂತ ಎಣಿಸಿದರೆ ಶೇಕಡಾ ಲೆಕ್ಕ ಅಲ್ಲಿಗೇ ಮುಗಿಯಿತು. ಕಿತ್ತ ಸೊಪ್ಪನ್ನು ತೂಗಿ, ಅವತ್ತಿನ ಸಂತೆ ಬೆಲೆ ಹಾಕಿ, ಬೀಜಕ್ಕೆ ಕೊಟ್ಟ ದುಡ್ಡು ಕಳೆದರೆ ಲಾಭ ನಷ್ಟದ ಪಾಠ. ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರಕ್ಕೆ ಏನು ಮಾಡಿಸೋಣ ಅಂತ ತಲೆ ಕೆರೆದುಕೊಳ್ಳುವವರಿಗೆ ಇದಕ್ಕಿಂತ ಇನ್ನೇನು ಬೇಕು.

ಅಡುಗೆಯಮ್ಮನ_ಮಗಳು:
ಮೇಷ್ಟ್ರ ಲೆಕ್ಕ ಚೆನ್ನಾಗಿದೆ. ಒಂದು ಕೇಳುತ್ತೇನೆ. ಗಿಡದ ಪಟ್ಟಿ ಮಾಡುವ ಮೊದಲು ಅಡುಗೆಯವರನ್ನು ಕೇಳಿದಿರಾ?

ನಮ್ಮಮ್ಮ ಬಿಸಿಯೂಟದ ಅಡುಗೆಯವರು, ಯೋಜನೆ ಶುರುವಾದ ಕಾಲದಿಂದ ಇದ್ದಾರೆ. ಅವರ ಶಾಲೆಯಲ್ಲೂ ಕೈತೋಟ ಮಾಡಿದರು. ಯಾರೋ ಬಂದು ಬೀಟ್‌ರೂಟ್, ನವಿಲುಕೋಸು, ಹೂಕೋಸು ಹಾಕಿಸಿ ಹೋದರು. ನೋಡಲು ಚೆಂದ. ಇಪ್ಪತ್ತು ಹೂಕೋಸು ಒಂದೇ ವಾರಕ್ಕೆ ಬಂದವು, ಅದರಲ್ಲಿ ಅರ್ಧಕ್ಕೆ ಹುಳ. ಅಮ್ಮನಿಗೆ ಬೇಕಾಗಿದ್ದದ್ದು ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ, ಸಬ್ಬಸಿಗೆ, ದಂಟು, ಒಂದು ನಿಂಬೆ ಗಿಡ. ದಿನಾ ಬೆಳಿಗ್ಗೆ ಅಂಗಡಿಗೆ ಓಡುವುದು ಅದಕ್ಕೇ ಅಲ್ವಾ? ಒಗ್ಗರಣೆಗೆ ಕರಿಬೇವು ಬೇಕು ಅಂತ ಹೇಳಿದರೆ ಯಾರೂ ಬರೆದುಕೊಳ್ಳಲಿಲ್ಲ, ಅದು ತರಕಾರಿ ಅಂತ ಲೆಕ್ಕಕ್ಕೇ ಬರುವುದಿಲ್ಲವಂತೆ.

ಇನ್ನೊಂದು ಮಾತು. ಸೊಪ್ಪು ಅಂದರೆ ಸುಲಭ ಅಂತ ಎಲ್ಲರೂ ತಿಳಿದಿದ್ದಾರೆ. ಆರು ಕೆಜಿ ಸೊಪ್ಪು ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ಹೆಚ್ಚಲು ಎಷ್ಟು ಹೊತ್ತು ಬೇಕು ಅಂತ ಒಂದು ದಿನ ಕೂತು ನೋಡಿ. ಅಷ್ಟರಲ್ಲಿ ಅನ್ನ, ಸಾಂಬಾರ್, ಮೊಟ್ಟೆ ಬೇಯಿಸಿ ಸುಲಿಯುವುದು, ಹಾಲು ಎಲ್ಲಾ ಆಗಬೇಕು. ಗೌರವಧನ ಇನ್ನೂ ತಿಂಗಳಿಗೆ ಐದು ಸಾವಿರ ಮುಟ್ಟಿಲ್ಲ. ಅದೂ ವರ್ಷಕ್ಕೆ ಹತ್ತೇ ತಿಂಗಳು. ಏಪ್ರಿಲ್, ಮೇ ತಿಂಗಳಲ್ಲಿ ಕೈಗೆ ಏನೂ ಬರುವುದಿಲ್ಲ. ಅದೇ ಎರಡು ತಿಂಗಳು "ನಿಮ್ಮ ಮನೆ ಹತ್ತಿರ ಅಲ್ವಾ, ಒಂದು ಕೊಡ ನೀರು ಹಾಕಿ" ಅಂತ ಅಮ್ಮನಿಗೇ ಹೇಳಿದರು. ಅಮ್ಮ ಹಾಕಿದರು, ಗಿಡ ಸಾಯುತ್ತಲ್ಲ ಅಂತ. ಜೂನ್‌ನಲ್ಲಿ ಇನ್ಯಾರಿಗೋ ಶಾಲು ಹೊದಿಸಿದರು.

ಹಾಸನ_ಹಿತ್ತಲು:
ಅಕ್ಕ, ನಿಜ ಹೇಳಬೇಕೆಂದರೆ ಇದು ನಮ್ಮ ಮೀಟಿಂಗಿನಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ನಾಳೆಯೇ ನಮ್ಮ ಅಡುಗೆಯವರನ್ನು ಕೇಳುತ್ತೇನೆ. ಬೇಸಿಗೆಗೆ ಸಂಬಳ ಅಂತ ಕೊಡಲು ಎಸ್‌ಡಿಎಂಸಿ ಹತ್ತಿರ ದುಡ್ಡಿಲ್ಲ. ಬೇರೆ ದಾರಿ ಇದೆಯಾ?

ಒಬ್ಬ_ಅಪ್ಪ:
ನಾನು ವಿರುದ್ಧ. ನಾವು ಮಣ್ಣು ಹೊತ್ತದ್ದು ಸಾಕು, ಮಕ್ಕಳು ಅಕ್ಷರ ಕಲಿಯಲಿ ಅಂತ ಶಾಲೆಗೆ ಕಳಿಸುವುದು. ಕೂಲಿ ಮಾಡುವವರ ಮಕ್ಕಳಿಗೆ ಗುದ್ದಲಿ ಹಿಡಿಯುವುದನ್ನು ಮೇಷ್ಟ್ರು ಕಲಿಸಬೇಕಿಲ್ಲ, ಮನೆಯಲ್ಲೇ ಬರುತ್ತದೆ. ಸಿಟಿಯ ಇಂಟರ್‌ನ್ಯಾಷನಲ್ ಸ್ಕೂಲಿನವರಿಗೆ ಇದು ಚೆಂದ, ಅವರು ಫೀಸು ಕೊಟ್ಟು ಬದನೆಕಾಯಿ ಕೀಳಲು ಹೋಗುತ್ತಾರೆ.

ಅದಕ್ಕಿಂತ ದೊಡ್ಡ ವಿಷಯ, ಕೆಲಸ ಯಾರಿಗೆ ಬೀಳುತ್ತದೆ ಅನ್ನುವುದು. ಯಾವ ಕೇರಿಯ ಮಕ್ಕಳ ಕೈಗೆ ಗೊಬ್ಬರದ ಬುಟ್ಟಿ, ಯಾವ ಮಕ್ಕಳ ಕೈಗೆ ನೀರಿನ ಝಾರಿ? ನಾನು ಓದುವಾಗ ಹೇಗಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಈಗಲೂ ವರ್ಷಕ್ಕೊಂದು ಸಲ ಶಾಲೆಯ ಶೌಚಾಲಯ ಮಕ್ಕಳಿಂದ ತೊಳೆಸಿದ ಸುದ್ದಿ ಪೇಪರಿನಲ್ಲಿ ಬರುತ್ತದೆ.

ಬಯಲುಸೀಮೆ_ಮೇಷ್ಟ್ರು:
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇದು ಹಳೆಯ ಜಗಳ ಕೂಡ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಶಿಕ್ಷಣ ಅಂದಾಗ, ಮಕ್ಕಳ ದುಡಿಮೆಯಿಂದಲೇ ಶಾಲೆ ಖರ್ಚು ಹುಟ್ಟಬೇಕಾ ಅನ್ನುವ ಟೀಕೆ ಆಗಲೇ ಬಂದಿತ್ತು. ನನಗೂ ಆ ಭಾಗ ಒಪ್ಪಿಗೆಯಿಲ್ಲ. ಶಾಲೆ ತೋಟದಿಂದ ಶಾಲೆಗೆ ಆದಾಯ ಬರಬೇಕು ಅಂದ ತಕ್ಷಣ ಮಗು ಕೂಲಿ ಆಗುತ್ತದೆ.

ನಮ್ಮಲ್ಲಿ ನಾವು ಮಾಡಿಕೊಂಡ ಕಟ್ಟು ಹೇಳುತ್ತೇನೆ. ಹಾಜರಿ ಪುಸ್ತಕದ ಕ್ರಮದಲ್ಲೇ ಪಾಳಿ, ಅದನ್ನು ಗೋಡೆಗೆ ಅಂಟಿಸುವುದು. ಗೊಬ್ಬರ, ಕಳೆ, ನೀರು ಎಲ್ಲವೂ ಎಲ್ಲರಿಗೂ ಬರಬೇಕು, ಹುಡುಗಿಯರು ಗುಡಿಸುವುದು ಹುಡುಗರು ಅಗೆಯುವುದು ಅನ್ನುವ ಭಾಗ ಇಲ್ಲ. ವಾರಕ್ಕೆ ಒಂದು ಪೀರಿಯಡ್ ಮಾತ್ರ. ಮೇಷ್ಟ್ರೂ ಕೈ ಮಣ್ಣು ಮಾಡಿಕೊಳ್ಳಬೇಕು. ತಡವಾಗಿ ಬಂದವನನ್ನು ಶಿಕ್ಷೆ ಅಂತ ತೋಟಕ್ಕೆ ಕಳಿಸುವ ಹಾಗಿಲ್ಲ. ಅಗೆತ, ಪಾತಿ, ಬೇಲಿಯಂಥ ಭಾರದ ಕೆಲಸ ದೊಡ್ಡವರದ್ದು. ಇಷ್ಟು ಆಗದಿದ್ದರೆ ತೋಟ ಮಾಡಬೇಡಿ ಅಂತ ನಾನೂ ಹೇಳುತ್ತೇನೆ.

ಒಬ್ಬ_ಅಪ್ಪ:
ಗೋಡೆಗೆ ಅಂಟಿಸುವುದು ಒಳ್ಳೆಯದು. ಆದರೂ ನನ್ನ ಮಾತು ಹಿಂತೆಗೆದುಕೊಳ್ಳುವುದಿಲ್ಲ. ಎರಡು ವರ್ಷ ಬಿಟ್ಟು ಆ ಪಟ್ಟಿ ಇನ್ನೂ ಗೋಡೆ ಮೇಲೆ ಇರುತ್ತದಾ ಅಂತ ನೋಡೋಣ.

ಪುತ್ತೂರು_ಪೇಟೆ:
ನಮ್ಮ ದಕ್ಷಿಣ ಕನ್ನಡದ ಕಥೆ ಬೇರೆಯೇ ಮಾರಾಯ್ರೆ. ಇಲ್ಲಿ ಶಾಲೆಗೆ ತೋಟ ಅಂದರೆ ಅಡಿಕೆ ತೋಟ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಉಂಟು. ಹಳೆ ವಿದ್ಯಾರ್ಥಿಗಳು, ಊರವರು ಸೇರಿ ಶ್ರಮದಾನದಲ್ಲಿ ಗುಂಡಿ ತೋಡಿ ನೆಡುವುದು, ಐದಾರು ವರ್ಷ ಕಾಯುವುದು, ಫಸಲು ಬಂದ ಮೇಲೆ ಏಲಂ ಹಾಕುವುದು. ಆ ದುಡ್ಡಿನಲ್ಲಿ ಗೌರವ ಶಿಕ್ಷಕಿಗೆ ಸಂಬಳ, ಕರೆಂಟ್ ಬಿಲ್ಲು, ಮಕ್ಕಳ ವಾಹನದ ಬಾಡಿಗೆ. ಶಿಕ್ಷಕರ ಕೊರತೆಗೆ ಸರ್ಕಾರವನ್ನು ಕಾಯುತ್ತಾ ಕುಳಿತಿದ್ದರೆ ಕೆಲವು ಶಾಲೆಗಳಿಗೆ ಯಾವತ್ತೋ ಬೀಗ ಬೀಳುತ್ತಿತ್ತು. ಮೇಷ್ಟ್ರು ಆದಾಯ ಬೇಡ ಅಂತಾರೆ. ನಮ್ಮಲ್ಲಿ ಅಡಿಕೆ ಕೀಳುವುದು, ಸುಲಿಯುವುದು ಮಕ್ಕಳಲ್ಲ, ಏಲಂ ಹಿಡಿದವರು. ಹಾಗಾಗಿ ಆ ತಕರಾರು ಇಲ್ಲಿ ಬರುವುದಿಲ್ಲ.

ಗೇಟಿನ ಹತ್ತಿರ ಗುಟ್ಕಾ ನಿಷೇಧದ ಬೋರ್ಡು, ಹಿಂದೆ ಅಡಿಕೆ ತೋಟ. ನಗಬೇಡಿ.

ತರಕಾರಿಗೆ ನಮ್ಮಲ್ಲಿ ಹೊರೆಕಾಣಿಕೆ ಪದ್ಧತಿ ಕೈ ಹಿಡಿದಿದೆ. ದೇವಸ್ಥಾನದ ಜಾತ್ರೆಗೆ ಕೊಡುವ ಹಾಗೆಯೇ, ಮನೆಯಲ್ಲಿ ಹೆಚ್ಚಾದ ಸೌತೆ, ಹರಿವೆ, ಬಸಳೆ, ಹಲಸಿನಕಾಯಿ, ತೆಂಗಿನಕಾಯಿಯನ್ನು ಮಕ್ಕಳ ಕೈಯಲ್ಲೇ ಶಾಲೆಗೆ ಕಳಿಸುತ್ತಾರೆ. ಶಾಲೆಯಲ್ಲೇ ಎಲ್ಲಾ ಬೆಳೆಯಬೇಕೆಂದು ಏನಿದೆ? ಊರ ಹಿತ್ತಲುಗಳೆಲ್ಲಾ ಶಾಲೆಯ ತೋಟ ಅಂದುಕೊಂಡರೆ ಆಯಿತಲ್ಲ.

ಕಂಬಳಿಹುಳ:
ನುಗ್ಗೆ ನೆಡಿ ಅನ್ನುವ ಎಲ್ಲರಿಗೂ ನನ್ನ ಹೆಸರು ತೋರಿಸಿ. ಮಳೆಗಾಲ ಬಂತೆಂದರೆ ನುಗ್ಗೆ ಕಾಂಡದ ಮೇಲೆ ಗುಂಪುಗುಂಪಾಗಿ ಕೂರುತ್ತವೆ, ಚೆಡ್ಡಿ ಹಾಕಿದ ಹುಡುಗರು ಮರಕ್ಕೆ ಒರಗಿದರೆ ಆಮೇಲೆ ಇಡೀ ಕ್ಲಾಸು ತುರಿಸಿಕೊಳ್ಳುತ್ತದೆ. ನುಗ್ಗೆ ಕೊಂಬೆ ಹತ್ತಿದರೆ ಮುರಿಯುತ್ತದೆ ಕೂಡ. ನೆಡುವುದಾದರೆ ಕ್ಲಾಸ್‌ರೂಮಿನಿಂದ ದೂರ, ಬೇಲಿ ಪಕ್ಕ. ಪಿಕೆಎಂ-1, ಇಲ್ಲವಾದರೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿ ತನ್ನಿ. ಫಸಲು ಮುಗಿದ ಮೇಲೆ ಮೂರಡಿಗೆ ಸವರಿಬಿಟ್ಟರೆ ಮತ್ತೆ ಚಿಗುರುತ್ತದೆ, ಸೊಪ್ಪು ಕೈಗೆ ಎಟುಕುತ್ತದೆ, ಹತ್ತಲು ಮರವೇ ಇರುವುದಿಲ್ಲ.

ಮಲೆನಾಡು_ಮಳೆ:
ನಿಮಗೆ ಕಂಬಳಿಹುಳ, ನಮಗೆ ಮಂಗ. ತೀರ್ಥಹಳ್ಳಿ ಕಡೆ ಶಾಲೆಯಲ್ಲಿ ಬಾಳೆ, ಪಪ್ಪಾಯ, ಸೌತೆ ಹಾಕುವುದು ಮಂಗಕ್ಕೆ ಬಿಸಿಯೂಟ ಕೊಟ್ಟ ಹಾಗೆ. ಮಂಗ ಅಷ್ಟಾಗಿ ಮುಟ್ಟದ್ದು ಸುವರ್ಣಗೆಡ್ಡೆ, ಕೆಸು, ಅರಿಶಿನ, ಶುಂಠಿ, ಕರಿಬೇವು. ಹಂದಿ ಕಾಟ ಇದ್ದರೆ ಗೆಡ್ಡೆಯೂ ಉಳಿಯುವುದಿಲ್ಲ ಅನ್ನಿ. ಸೊಪ್ಪಿನ ಮಡಿಗೆ ಹಳೆ ಮೀನುಬಲೆ ಹೊದಿಸಿಟ್ಟರೆ ಸ್ವಲ್ಪ ಬಚಾವ್. ಜುಲೈ, ಆಗಸ್ಟ್‌ನಲ್ಲಿ ಏನೂ ಹಾಕಬೇಡಿ, ಮಡಿಯೇ ಕೊಚ್ಚಿ ಹೋಗುತ್ತದೆ. ನಮ್ಮ ತೋಟ ಶುರುವಾಗುವುದೇ ಗಣಪತಿ ಹಬ್ಬ ಕಳೆದ ಮೇಲೆ.

ಚಕ್ರಮುನಿ ಹಾಕಿ. ಕಡ್ಡಿ ಚುಚ್ಚಿದರೆ ಬರುತ್ತದೆ, ವರ್ಷಪೂರ್ತಿ ಸೊಪ್ಪು, ಬೇಲಿಯೂ ಆಗುತ್ತದೆ. ಬೇಯಿಸಿ ತಿನ್ನಬೇಕು ಅಷ್ಟೆ. ಸಣ್ಣಗಾಗಲು ಅಂತ ತೈವಾನಿನಲ್ಲಿ 1990ರ ದಶಕದಲ್ಲಿ ಇದರ ಹಸಿ ರಸ ಕುಡಿದವರಿಗೆ ಶ್ವಾಸಕೋಶದ ತೊಂದರೆ ಆಗಿತ್ತು. ಸಾರಿಗೆ ಪಲ್ಯಕ್ಕೆ ಹಾಕುವುದಕ್ಕೆ ಭಯ ಬೇಡ.

ಕಾಸರಗೋಡು_ಕನ್ನಡತಿ:
ಹುಳ, ಹಂದಿ ಅಂತ ಮಾತು ಬಂದದ್ದಕ್ಕೆ ಇಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ. ಶಾಲೆ ತೋಟಕ್ಕೆ ಔಷಧಿ ಬೇಡ. ಒಂದು ಸಲ ಹೊಡೆದರೆ ಏನಾಗುತ್ತದೆ ಅನ್ನುವವರಿಗೆ ನಮ್ಮ ಜಿಲ್ಲೆಯನ್ನು ತೋರಿಸಬೇಕು. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಬಾವಿ, ತೋಡು, ಶಾಲೆ ಅಂಗಳ ಯಾವುದನ್ನೂ ಬಿಡಲಿಲ್ಲ. ಗಡಿಯಾಚೆ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಯಲ್ಲೂ ಅದೇ ಕಥೆ. ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಆ ಮನೆಗಳಲ್ಲಿ ಮಲಗಿದಲ್ಲೇ ದೊಡ್ಡವರಾದ ಮಕ್ಕಳು ಇದ್ದಾರೆ.

ಇನ್ನೊಂದು 2013ರ ಜುಲೈನದ್ದು. ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಇತ್ತು. ಅಂದರೆ ಹೊಡೆಯುವುದಷ್ಟೇ ಅಲ್ಲ, ಔಷಧಿಯ ಡಬ್ಬವೇ ಶಾಲೆಯ ಒಳಗೆ ಬರಬಾರದು. ಖಾಲಿ ಡಬ್ಬವೂ ಬೇಡ, ಊರಿನಲ್ಲಿ ಅದಕ್ಕೆ ನೀರು ತುಂಬಿಸಿ ಇಡುವವರು ಇರುತ್ತಾರೆ. ಶಾಲೆಗೆ ಪಂಪ್ ತರುತ್ತೇನೆ ಅನ್ನುವ ರೈತರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ಬೇಡ ಅನ್ನಿ, ಅವರ ಪಂಪಿನಲ್ಲಿ ನಿನ್ನೆ ಏನಿತ್ತೋ. ಹುಳ ಬಂದರೆ ಬೆಳಿಗ್ಗೆ ಕೈಯಲ್ಲಿ ಹೆಕ್ಕಿಸಿ, ಎಲೆ ಮೇಲೆ ಬೂದಿ ಹಾಕಿ, ಬೇವಿನ ಬೀಜದ ಕಷಾಯ ಹೊಡೆಯಿರಿ. ಅಷ್ಟಕ್ಕೂ ನಿಲ್ಲದಿದ್ದರೆ ಗಿಡ ಕಿತ್ತು ಬೇರೆ ಹಾಕಿ. ಮೂವತ್ತು ದಿನಕ್ಕೆ ಬರುವ ಹರಿವೆಗೆ ವಿಷ ಹೊಡೆಯುವಷ್ಟು ಗತಿಗೇಡು ನಮಗೆ ಬಂದಿಲ್ಲ.

ಎರೆಭೂಮಿ_ರಾಯಚೂರು:
ನೀವೆಲ್ಲಾ ಮಳೆ ಇರುವ ಊರಿನವರು. ನಮ್ಮಲ್ಲಿ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುವ ದಿನಗಳಿವೆ. ಅಂಥಲ್ಲೂ ತೋಟ ಉಳಿದಿರುವ ಶಾಲೆ ಇದೆ ಅಂತ ಹೇಳಲಿಕ್ಕೆ ಬಂದೆ.

ಎಲ್ಲಾ ಇರುವುದು ಕೈ ತೊಳೆಯುವ ನೀರಿನಲ್ಲಿ. ನೂರು ಮಕ್ಕಳು ಊಟಕ್ಕೆ ಮೊದಲು ಕೈ, ಆಮೇಲೆ ತಟ್ಟೆ ತೊಳೆದರೆ, ತಲೆಗೆ ಎರಡು ಲೀಟರ್ ಅಂದರೂ ದಿನಕ್ಕೆ 200 ಲೀಟರ್. ಸಾಮಾನ್ಯವಾಗಿ ಅದು ನಲ್ಲಿಯ ಕೆಳಗೆ ಕೊಚ್ಚೆಯಾಗಿ ಸೊಳ್ಳೆ ಸಾಕುತ್ತದೆ. ಅಲ್ಲಿಂದ ಒಂದು ಸಣ್ಣ ಕಾಲುವೆ ತೆಗೆದು, ಜಲ್ಲಿ ತುಂಬಿದ ಗುಂಡಿಯ ಮೂಲಕ ಹಾಯಿಸಿ. ಸಬೀನ ಪುಡಿ ಬೆರೆತ ನೀರನ್ನು ಸೊಪ್ಪಿಗೆ ಬಿಡಬೇಡಿ. ಅದು ಬಾಳೆಗೆ, ಕಾಬಾಳೆಗೆ, ನುಗ್ಗೆಗೆ ಹೋಗಲಿ. ಬರೀ ಕೈ ತೊಳೆದ ನೀರು ಸೊಪ್ಪಿಗೆ. ಎರಡು ಕಡೆ ತೊಳೆಯುವ ಜಾಗ ಬೇರೆ ಬೇರೆ ಮಾಡಿದರೆ ಈ ತಲೆನೋವೂ ಇಲ್ಲ. ಮೇಲೆ ತೊಗರಿ ಕಟ್ಟಿಗೆ, ಜೋಳದ ದಂಟು ಮುಚ್ಚಿಗೆ ಹಾಕಿ, ಇಲ್ಲವಾದರೆ ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ.

ಬೇಲಿ ಇಲ್ಲದೆ ಬೀಜ ಹಾಕಬೇಡಿ. ಆಡು ಒಂದು ಸಲ ದಾರಿ ಕಂಡುಕೊಂಡರೆ ಮುಗಿಯಿತು. ನರೇಗಾದಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡ್, ಪೌಷ್ಟಿಕ ತೋಟ ಆಗಿವೆ, ಪಂಚಾಯ್ತಿಯ ಪಿಡಿಒ ಮನಸ್ಸು ಮಾಡಬೇಕು. ಕಾಂಪೌಂಡ್ ಆಗುವವರೆಗೆ ಜಾಲಿ ಮುಳ್ಳೇ ಗತಿ. ಇದರಲ್ಲಿ ಇನ್ನೊಂದು ಲಾಭ ಇದೆ. ಹಿಂದೆ ಯಾರೋ ದಾನ ಕೊಟ್ಟ ಜಾಗದಲ್ಲಿರುವ ಶಾಲೆಗಳಿಗೆ ಎಷ್ಟೋ ಕಡೆ ಸರಿಯಾದ ಕಾಗದ ಇಲ್ಲ. ಖಾಲಿ ಬಿಟ್ಟ ಮೂಲೆಗೆ ಮೊದಲು ತಿಪ್ಪೆ ಬರುತ್ತದೆ, ಆಮೇಲೆ ಶೆಡ್ಡು ಬರುತ್ತದೆ. ಗಡಿಗುಂಟ ಗಿಡ ಇದ್ದರೆ ಅಲ್ಲಿಗೆ ಕೈ ಹಾಕಲು ಜನ ಹಿಂಜರಿಯುತ್ತಾರೆ.

ಬೇಸಿಗೆ ಪ್ರಶ್ನೆಗೆ ಬರೋಣ. 2023ರಲ್ಲಿ 223 ತಾಲ್ಲೂಕು ಬರ ಅಂತ ಘೋಷಣೆ ಆಯಿತಲ್ಲ, ಅದರ ಮರು ಬೇಸಿಗೆ, 2024ರಲ್ಲಿ, ಬರದ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಶಾಲೆ ಬಾಗಿಲು ತೆರೆದಿತ್ತು, ಮಕ್ಕಳು ಬರುತ್ತಿದ್ದರು, ಕೈ ತೊಳೆಯುತ್ತಿದ್ದರು. ಆ ವರ್ಷ ನೀರಿಗೆ ಅಷ್ಟು ಬರ ಇದ್ದರೂ ನಾನು ನೋಡಿದ ಶಾಲೆಯ ಬಾಳೆ ಒಣಗಲಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಒಣಗಿತ್ತು! ಬೇಸಿಗೆಯಲ್ಲಿ ಗಿಡ ಸಾಯುವುದು ನೀರಿಲ್ಲದೆ ಅಂತ ನಾವು ಅಂದುಕೊಂಡಿರುತ್ತೇವೆ, ಜನ ಇಲ್ಲದೆ ಸಾಯುತ್ತವೆ.

ಹಾಸನ_ಹಿತ್ತಲು:
ಕೊನೆಯ ಮಾತು ನಮ್ಮ ಹೆಡ್‌ಮೇಷ್ಟ್ರಿಗೆ ಓದಿ ಹೇಳುತ್ತೇನೆ ಸರ್.

ಬೆಂಗಳೂರು_ತಾರಸಿ:
ಸಿಟಿ ಶಾಲೆಗಳ ಗೋಳು ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ: ತೋಟ ಮಾಡಿದರೂ ಅಡುಗೆ ಅಲ್ಲಿ ನಡೆಯುವುದಿಲ್ಲ. ಊಟ ಎಲ್ಲೋ ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ ವ್ಯಾನಿನಲ್ಲಿ ಡಬ್ಬ ತುಂಬಿ ಬರುತ್ತದೆ. ತಾರಸಿ ಮೇಲಿನ ಗ್ರೋಬ್ಯಾಗಿನ ಪಾಲಕ್ ಅದಕ್ಕೆ ಸೇರುವ ಹಾಗಿಲ್ಲ. 2019ರಲ್ಲಿ ಕೇಂದ್ರದಿಂದ ಶಾಲಾ ಪೌಷ್ಟಿಕ ತೋಟಕ್ಕೆ ಮಾರ್ಗಸೂಚಿ ಬಂತು, ಜಾಗ ಇಲ್ಲದಿದ್ದರೆ ಕುಂಡದಲ್ಲಾದರೂ ಬೆಳೆಸಿ ಅಂತ. ಬೆಳೆಸಿದ ಮೇಲೆ ಯಾವ ಪಾತ್ರೆಗೆ ಹಾಕುವುದು ಅಂತ ನಮಗೆ ತಿಳಿಯಲಿಲ್ಲ. ಈಗ ಸೌತೆ, ಮೂಲಂಗಿ, ಕ್ಯಾರೆಟ್, ಕೊತ್ತಂಬರಿ ಮಾತ್ರ ಹಾಕುತ್ತೇವೆ. ವಾರಕ್ಕೊಂದು ದಿನ ಹೆಸರುಬೇಳೆ ನೆನೆಸಿ ಕೋಸಂಬರಿ. ಒಲೆ ಬೇಡ, ಯಾರ ಅನುಮತಿಯೂ ಬೇಡ. ಮೂಲಂಗಿ ವಾಸನೆ ಅಂತ ಮೂಗು ಮುಚ್ಚುತ್ತಿದ್ದ ಹುಡುಗರು ತಾವೇ ಕಿತ್ತದ್ದು ಅಂದರೆ ತಿನ್ನುತ್ತಾರೆ. ಎಲ್ಲರೂ ಅಲ್ಲ.

ಬೇ_ಏರಿಯಾ_ಕನ್ನಡಿಗ:
ಇಲ್ಲಿ ಬರ್ಕ್ಲಿಯ ಒಂದು ಮಿಡ್ಲ್ ಸ್ಕೂಲಿನಲ್ಲಿ 1995ರಲ್ಲಿ ಆಲಿಸ್ ವಾಟರ್ಸ್ ಅನ್ನುವ ಹೋಟೆಲಿನಾಕೆ ಶುರು ಮಾಡಿದ ತೋಟ ತುಂಬಾ ಹೆಸರುವಾಸಿ. ಅಲ್ಲಿ ತೋಟಕ್ಕೂ ಅಡುಗೆಗೂ ಬೇರೆ ಬೇರೆ ಟೀಚರ್‌ಗಳಿದ್ದಾರೆ, ಮಕ್ಕಳೇ ಬೆಳೆದು, ಅಡುಗೆ ಮಾಡಿ, ಟೇಬಲ್ ಹಾಕಿ ಕೂತು ತಿನ್ನುತ್ತಾರೆ. ನಮ್ಮೂರಲ್ಲೂ ಅಡುಗೆ ಮಾಡುವುದನ್ನೇ ಪಾಠ ಮಾಡಬಹುದಲ್ವಾ?

ಅಡುಗೆಯಮ್ಮನ_ಮಗಳು:
ಅಣ್ಣಾ, ನಮ್ಮಲ್ಲಿ ನೂರು ಮಕ್ಕಳಿಗೆ ಇಬ್ಬರು ಅಡುಗೆಯವರು, ಒಂದು ಒಲೆ, ಒಂದು ಸಿಲಿಂಡರ್. ಒಲೆ ಹತ್ತಿರ ಮಕ್ಕಳು ಬರಬಾರದು, ಬಂದರೆ ಅಮ್ಮ ಬೈಯುತ್ತಾರೆ, ಕುದಿಯುವ ಸಾರಿನ ಹಂಡೆ ಅದು. ಆದರೆ ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಕೂತು ಮಾಡುವ ಕೆಲಸ. ವಾರಕ್ಕೊಂದು ದಿನ ಆರು, ಏಳನೇ ತರಗತಿಯವರು ಒಂದು ಪೀರಿಯಡ್ ಕೂತರೆ ಅಮ್ಮನ ಅರ್ಧ ಬೆಳಗ್ಗೆ ಉಳಿಯುತ್ತದೆ. ಅದೂ ಮೇಷ್ಟ್ರು ಹೇಳಿದ ಗೋಡೆ ಪಟ್ಟಿಯಲ್ಲಿ ಇರಬೇಕು, ಹುಡುಗರದ್ದೂ ಹೆಸರು ಇರಬೇಕು. ಒಬ್ಬ_ಅಪ್ಪ ಅವರು ಬೈದರೂ ಪರವಾಗಿಲ್ಲ.

ಒಬ್ಬ_ಅಪ್ಪ:
ಇದಕ್ಕೆ ಬೈಯುವುದಿಲ್ಲ. ಹುಡುಗರು ಅವರೆಕಾಯಿ ಸುಲಿದರೆ ಒಳ್ಳೆಯದೇ.

ಹಾಸನ_ಹಿತ್ತಲು:
ಎಲ್ಲಾ ಓದಿದೆ. ಅಡುಗೆಯವರ ಜೊತೆ ಕೂತು ಮಾತಾಡಿದೆವು. ಅವರು ಮೊದಲು ಹೇಳಿದ್ದು ಕರಿಬೇವು, ನೀವೇ ಗೆದ್ದಿರಿ ಅಕ್ಕ. ಆಮೇಲೆ ಮೆಣಸಿನಕಾಯಿ, ದಂಟು, ಸಬ್ಬಸಿಗೆ, ನಿಂಬೆ, ಎರಡು ನುಗ್ಗೆ (ಬೇಲಿ ಪಕ್ಕ, ಕಂಬಳಿಹುಳ ಅವರೇ), ತೊಂಡೆ ಚಪ್ಪರ, ತೊಳೆಯುವ ನೀರಿಗೆ ನಾಲ್ಕು ಬಾಳೆ. ಮೊದಲ ವರ್ಷ ಒಂದೇ ಗುಂಟೆ. ಟೊಮೆಟೊ, ಕೋಸು ಇಲ್ಲ.

ಬೇಸಿಗೆಗೆ ಹೀಗೆ ಯೋಚಿಸಿದ್ದೇವೆ. ಏಪ್ರಿಲ್ 10ರ ಸುಮಾರಿಗೆ ರಜೆ ಶುರುವಾದ ದಿನದಿಂದ ಮೇ ಕೊನೆವರೆಗೆ ತೋಟದಲ್ಲಿ ಬಂದದ್ದೆಲ್ಲಾ ನೀರು ಹಾಕಿದವರಿಗೆ. ಇಬ್ಬರು ಅಡುಗೆಯವರಿಗೆ ಮೊದಲ ಅವಕಾಶ, ಅವರಿಗೆ ಬೇಡವಾದರೆ ಪಕ್ಕದ ಬೀದಿಯ ಸ್ತ್ರೀಶಕ್ತಿ ಸಂಘಕ್ಕೆ. ಅವರು ಆ ಎರಡು ತಿಂಗಳು ತಮಗೆ ಬೇಕಾದ ಸೊಪ್ಪು ಹಾಕಿಕೊಂಡು ಸಂತೆಯಲ್ಲಿ ಮಾರಿಕೊಳ್ಳಬಹುದು, ಶಾಲೆ ಲೆಕ್ಕ ಕೇಳುವುದಿಲ್ಲ. ಬಾಳೆ, ನುಗ್ಗೆ, ಕರಿಬೇವು ಬದುಕಿರಬೇಕು, ಅಷ್ಟೇ ಷರತ್ತು. ಇದನ್ನು ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸುತ್ತೇವೆ. ಬಾಯಿಮಾತಾದರೆ ನಾಳೆ ಯಾರೋ ಒಬ್ಬರು ಶಾಲೆ ಬಾಳೆಗೊನೆ ಕದ್ದರು ಅಂತ ಊರಲ್ಲಿ ಸುದ್ದಿ ಮಾಡುತ್ತಾರೆ.

ಬಯಲುಸೀಮೆ_ಮೇಷ್ಟ್ರು:
ಇದು ಸರಿ ಇದೆ. ಒಂದು ಸೇರಿಸಿ: ಬೇಸಿಗೆಯಲ್ಲಿ ಯಾರು ನೋಡಿಕೊಂಡರು ಅನ್ನುವುದು ಜೂನ್‌ನ ಮೊದಲ ಪೋಷಕರ ಸಭೆಯಲ್ಲಿ ಹೆಸರು ಹಿಡಿದು ಹೇಳಬೇಕು. ಶಾಲು ಬೇಡ. ನೀರಿಗೆ ಶಾಲೆಯ ಮೋಟರ್ ಕೀ ಯಾರ ಹತ್ತಿರ ಇರುತ್ತದೆ ಅಂತಲೂ ಈಗಲೇ ಬರೆದುಕೊಳ್ಳಿ. ಎಷ್ಟೋ ತೋಟ ಕೀ ಸಿಗದೆ ಒಣಗಿವೆ.

ಪುತ್ತೂರು_ಪೇಟೆ:
ತೊಂಡೆ ಹಾಕುತ್ತೀರಲ್ಲ, ಕಾಯಿ ಬಿಡುವ ಬಳ್ಳಿಯಿಂದಲೇ ಕಡ್ಡಿ ತೆಗೆದುಕೊಳ್ಳಿ ಮಾರಾಯ್ರೆ. ಗಂಡು ಬಳ್ಳಿ ಸಿಕ್ಕಿದರೆ ಚಪ್ಪರ ತುಂಬಾ ಹೂವು, ಕಾಯಿ ಒಂದೂ ಇಲ್ಲ. ನಮ್ಮ ಮನೆಯ ಬಳ್ಳಿ ಒಳ್ಳೆಯದುಂಟು. ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಕೊಟ್ಟು ಕಳಿಸಲಾ? ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರೆ ಎರಡು ದಿನ ಏನೂ ಆಗುವುದಿಲ್ಲ.

ಹಾಸನ_ಹಿತ್ತಲು:
ಕಳಿಸಿ. ಶಿರಾಡಿ ಘಾಟಿ ಮುಚ್ಚಿರದಿದ್ದರೆ ಭಾನುವಾರವೇ ಬಸ್ ಸ್ಟ್ಯಾಂಡಿಗೆ ಬರುತ್ತೇನೆ.